ಮಸಿ ಹತ್ತದ ತುಟಿ

ಇನ್ನೊಬ್ಬನ ಬಾಯನ್ನು ಅಷ್ಟು ಹತ್ತಿರದಿಂದ ನೋಡುವ ಕರ್ಮ ಹಲ್ಲು ಕೀಳುವವನನ್ನು ಬಿಟ್ಟರೆ ಬೇರೆ ಯಾರಿಗೂ ಬರಬಾರದು. ನನಗೆ ಬಂತು. ಯುದ್ಧದ ಕಾಲದಲ್ಲಿ, ಮಳವಳ್ಳಿಯಲ್ಲಿ, ಹೆಚ್ಚುಕಡಿಮೆ ಒಂದೂವರೆ ವರ್ಷ ಭಾನುವಾರ ಭಾನುವಾರ ನಾನು ಒಬ್ಬ ಕನ್ನಡ ಪಂಡಿತರ ತುಟಿ ಪರೀಕ್ಷೆ ಮಾಡಿದ್ದೇನೆ. ಕಿಟಕಿಯ ಬೆಳಕಿಗೆ ಅವರ ಗಲ್ಲ ತಿರುಗಿಸಿ, ಮಡಿಸಿದ ಕಾಗದದ ತುದಿಯಿಂದ ಕೆಳತುಟಿ ಜಗ್ಗಿ, ಅಲ್ಲಿ ಮಸಿ ಹತ್ತಿದೆಯೋ ಇಲ್ಲವೋ ಎಂದು ಸಭೆಗೆ ಕೂಗಿ ಹೇಳಬೇಕಾಗಿತ್ತು. ಹೊಗೆಸೊಪ್ಪಿನ ಘಾಟು, ಅಡಿಕೆಯ ಚೂರು ಸಿಕ್ಕಿಕೊಂಡ ಹಲ್ಲು, ತುಟಿಯ ಮೂಲೆಯಲ್ಲಿ ಬಿಳಿಯ ಎಂಜಲು. ಮನೆಗೆ ಬಂದು ನಾನು ಮೊದಲು ಕೈ ತೊಳೆಯುತ್ತಿದ್ದೆ, ಆಮೇಲೆ ಮುಖ, ಆಮೇಲೆ ಮತ್ತೆ ಕೈ.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ಅದರ ಹಿಂದೆಯೇ ಅವರ ಶಿಷ್ಯರೊಬ್ಬರು ಬಂದರು, ನೆನಪಿನ ಸಂಚಿಕೆ ತರುತ್ತಿದ್ದಾರಂತೆ. "ಸಾರ್, ಅವರನ್ನು ಹತ್ತಿರದಿಂದ ಬಲ್ಲವರು ಅಂದರೆ ಈಗ ನೀವೊಬ್ಬರೇ. ನಾಲ್ಕು ಮಾತು ಬರೆದುಕೊಡಿ" ಅಂದರು. ಹತ್ತಿರದಿಂದ ಬಲ್ಲೆ, ಅದು ನಿಜ. ಬರೆದೂ ಬರೆದಿದ್ದೇನೆ. ಇದನ್ನು ಅವರು ಅಚ್ಚು ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆದಿದ್ದೇನೆ.

ತುಟಿಗೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಪ, ಫ, ಬ, ಭ, ಮ, ಈ ಐದು ಅಕ್ಷರ ಬಾಯಿಂದ ಹೊರಡಬೇಕಾದರೆ ತುಟಿಗೆ ತುಟಿ ತಾಗಲೇಬೇಕು. ಈ ಐದೂ ಇಲ್ಲದೆ ಪದ್ಯ ಕಟ್ಟುವ ಆಟ ಹಳೆಯ ಕಾಲದ ಪಂಡಿತರಿಗೆ ಗೊತ್ತಿತ್ತು. ನಿರೋಷ್ಠ್ಯ ಎಂದು ಅದಕ್ಕೆ ಹೆಸರು. ಅವರೇನೋ ಒಂದೋ ಎರಡೋ ಪದ್ಯ ಕಟ್ಟಿ, ತಲೆದೂಗಿಸಿಕೊಂಡು, ಊಟಕ್ಕೆ ಏಳುತ್ತಿದ್ದರು. ನಮ್ಮ ಪಂಡಿತರು ಇಡೀ ಕಾದಂಬರಿಯನ್ನೇ ಹಾಗೆ ಬರೆಯುತ್ತೇನೆಂದು ಹೊರಟರು. ಅದೂ ಗದ್ಯದಲ್ಲಿ. ಅದೂ ನಮ್ಮ ಕಾಲದ ಕತೆ, ನಮ್ಮ ಸೀಮೆಯ ಕತೆ.

ನಮ್ಮ ಸೀಮೆ ಎಂದರೆ ಮಂಡ್ಯ, ಮದ್ದೂರು, ಮಳವಳ್ಳಿ. ಮೂರರಲ್ಲಿ ಒಂದನ್ನೂ ಅವರು ಬರೆಯುವ ಹಾಗಿರಲಿಲ್ಲ. ಅವರ ಹುಟ್ಟೂರು ಕೊಪ್ಪದ ಕಡೆ, ಹೆಂಡತಿಯ ತವರು ಬೆಳಕವಾಡಿ, ಅವೂ ಹೋದವು. ಕಬ್ಬು ಇಲ್ಲ, ಬೆಲ್ಲ ಇಲ್ಲ, ಭತ್ತ ಇಲ್ಲ, ಎಮ್ಮೆ ಇಲ್ಲ, ಮುದ್ದೆ ಇಲ್ಲ, ಉಪ್ಪು ಇಲ್ಲ. ಅವರ ಕಾದಂಬರಿಯಲ್ಲಿ ಜನ ಅನ್ನ ತಿನ್ನುತ್ತಿದ್ದರು, ಹಾಲು ಕುಡಿಯುತ್ತಿದ್ದರು, ಊರಿಗೆ ಹೆಸರಿರಲಿಲ್ಲ. ಯಾರೂ ಯಾರನ್ನೂ 'ಬಾ' ಎಂದು ಕರೆಯುತ್ತಿರಲಿಲ್ಲ. ಅಂಥ ಊರಲ್ಲಿ ನಾನಂತೂ ಒಂದು ದಿನ ಇರಲಾರೆ.

ಅವರು ಒಕ್ಕಲಿನ ಮನೆಯವರು, ಅಪ್ಪ ನಾಲ್ಕು ಎತ್ತಿನ ಆರಂಬಗಾರ. ಮೈಸೂರಿಗೆ ಹೋಗಿ ಪಂಡಿತ ಪರೀಕ್ಷೆ ಮಾಡಿಕೊಂಡು ಬಂದ ಮೇಲೆ ಊರಿನ ಮಾತು ಅವರಿಗೆ ಕಿವಿಯೊಳಗಿನ ಇರುವೆ ಆಯಿತು. ಸೊಪ್ಪು ಮಾರುವವಳ ಮಾತನ್ನೂ ತಿದ್ದುತ್ತಿದ್ದರು. ಆಕೆ "ತಕಳಿ ಬುಡಿ, ಸೊಪ್ಪು ಚೆಂದಾಗದೆ" ಅಂದರೆ, ಕಂತೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ಚೆನ್ನಾಗಿದೆ, ಚೆನ್ನಾಗಿದೆ ಅನ್ನು" ಎಂದು ಮೂರು ಸಲ ಹೇಳಿಸಿ ಆಮೇಲೆ ಬುಟ್ಟಿಗೇ ವಾಪಸ್ಸು ಹಾಕುತ್ತಿದ್ದರು. ಮುಚ್ಚಿದ ಕೋಟು, ಜರಿ ಸವೆದ ಪೇಟ, ಉದ್ದನೆಯ ಮೇಲ್ದುಟಿ. ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು, ಅವರು ಕನ್ನಡದ ಪಂಡಿತರು. ಕೊಠಡಿಗಳ ನಡುವೆ ಅರ್ಧ ಗೋಡೆ. ಅವರ ಪಾಠವೆಲ್ಲ ನನ್ನ ಕಿವಿಗೂ ಬೀಳುತ್ತಿತ್ತು. ಒಳ್ಳೆಯ ಪಾಠ. ಹಳಗನ್ನಡದ ಸಾಲೊಂದನ್ನು ಅವರು ಓದಿದರೆ ನನ್ನ ತರಗತಿಯ ಹುಡುಗರೂ ಸ್ಲೇಟು ಕೆಳಗಿಟ್ಟು ಕೇಳುತ್ತಿದ್ದರು, ನಾನೂ ಸುಮ್ಮನಿರುತ್ತಿದ್ದೆ. ಅಷ್ಟನ್ನು ಹೇಳದಿದ್ದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ.

ಕಾದಂಬರಿ ಹಿಡಿದ ಮೇಲೆ ಆ ಪಾಠವೂ ಕೆಟ್ಟಿತು. ಅಭ್ಯಾಸವಾಗಲಿ ಎಂದು ಬೆಳಗಿನ ತರಗತಿಯಲ್ಲಿ ಆ ಐದು ಅಕ್ಷರ ಆಡುವುದನ್ನೇ ಬಿಟ್ಟರು. ಮಾದ, ಬೋರ, ಪುಟ್ಟಸ್ವಾಮಿ, ತಿಮ್ಮ. ನಮ್ಮ ಹುಡುಗರ ಹೆಸರು ಇರುವುದೇ ಹೀಗೆ. ಹಾಜರಿ ಕೂಗುವಾಗ "ಏ ಕಿಟಕಿಯ ಹತ್ತಿರದ ಹುಡುಗ", "ಏ ಕುಳ್ಳ", "ಏ ಅವನ ಎಡಗಡೆಯ ಕುಳ್ಳ" ಎಂದು ಕರೆಯುತ್ತಿದ್ದರು. ಎಡಗಡೆಯವನೋ ಬಲಗಡೆಯವನೋ ಎಂದು ಇಬ್ಬರೂ ಏಳುತ್ತಿದ್ದರು, ಇಬ್ಬರಿಗೂ ಬೆತ್ತದ ಏಟು ಬೀಳುತ್ತಿತ್ತು.

ಅದಕ್ಕಿಂತ ದೊಡ್ಡ ರಾದ್ಧಾಂತ ಮೀಸೆಯದು. ಓದುವಾಗ ತುಟಿ ಕಾಣಬೇಕು ಎಂದು ಅವರು ಮೀಸೆ ಬೋಳಿಸಿಬಿಟ್ಟರು. ನಮ್ಮ ಕಡೆ ಅಪ್ಪ ಸತ್ತಾಗ ಮಗ ಮೀಸೆ ತೆಗೆಸುತ್ತಾನೆ, ಸುಮ್ಮಸುಮ್ಮನೆ ಯಾರೂ ತೆಗೆಯುವುದಿಲ್ಲ. ಸುದ್ದಿ ಊರಿಗೆ ಹೋಗಿ, ಅವರ ಮುದಿ ಅಪ್ಪ ಬಸ್ಸು ಹತ್ತಿ ಬಂದರು. ಶಾಲೆಯ ಅಂಗಳದಲ್ಲೇ ನಿಂತು, "ನಾನಿನ್ನೂ ಬದುಕಿವ್ನಿ ಕಣ್ಲಾ! ಯಾರ್ ಸತ್ರು ಅಂತ ಮೀಸೆ ತೆಗುಸ್ದೆಲಾ?" ಎಂದು ಕೂಗಿದರು. ಪಂಡಿತರು ಮೆಟ್ಟಿಲ ಮೇಲೆ ನಿಂತು, ತುಟಿಗೆ ತುಟಿ ತಾಗಿಸದೆ, "ಅಕ್ಷರಕ್ಕಾಗಿ, ತಂದೆ" ಅಂದರು. ಮುದುಕರು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿ, "ತಂದೆ ಅಂತೀಯಲ್ಲೋ. ಅಪ್ಪ ಅನ್ನಾಕೆ ಬಾಯಿಗೇನ್ ಬಂದಿತ್ತು?" ಅಂದು ಮೇಲುವಸ್ತ್ರ ಕೊಡವಿಕೊಂಡು ಹೋದರು. ಬಂದ ಬಸ್ಸು ಇನ್ನೂ ಹೊರಟಿರಲಿಲ್ಲ, ಅದರಲ್ಲೇ ಹೋಗಿ ಕೂತರು.

ಭಾನುವಾರ ಮಧ್ಯಾಹ್ನ ಪಂಡಿತರ ಮನೆಯಲ್ಲಿ ಓದು. ತಪ್ಪದೆ ಬರುತ್ತಿದ್ದವರು ನಾವು ಮೂವರು. ನಾನು, ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿದ್ದ ಒಬ್ಬ ಪೇಷ್ಕಾರರು, ಮಳವಳ್ಳಿಗೂ ಮದ್ದೂರಿಗೂ ಓಡುತ್ತಿದ್ದ ಇದ್ದಿಲು ಬಸ್ಸಿನ ಏಜೆಂಟರಾಗಿದ್ದ ಒಬ್ಬ ಸಾಹೇಬರು. ಪೆಟ್ರೋಲು ಸಿಗದ ಕಾಲ ಅದು, ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು. ಸಾಹೇಬರಿಗೆ ಕತೆ ಎಂದರೆ ಜೀವ. ಕಾದಂಬರಿಯ ಹುಡುಗಿಗೆ ಮುಂದೆ ಏನಾಯಿತು ಎಂದು ಕೇಳುತ್ತಿದ್ದವರು ಅವರೊಬ್ಬರೇ. ಪೇಷ್ಕಾರರಿಗೆ ಕತೆ ಬೇಕಿರಲಿಲ್ಲ. ಅವರು ಕಣ್ಣು ಮುಚ್ಚಿ ತಪ್ಪು ಹಿಡಿಯಲು ಕೂತಿರುತ್ತಿದ್ದರು. ನನಗೆ ಬೇಕಿದ್ದದ್ದು ಏನು ಎಂದರೆ, ಊರಲ್ಲಿ ಪುಸ್ತಕದ ಮಾತಾಡುವ ಜಾಗ ಅದೊಂದೇ ಇತ್ತು.

ತುಟಿಗೆ ಮಸಿ ಹಚ್ಚುವ ವಿದ್ಯೆ ಪೇಷ್ಕಾರರದೇ. ಹಿಂದೆ ಪಂಡಿತರ ಸಭೆಗಳಲ್ಲಿ ಹೀಗೇ ಮಾಡುತ್ತಿದ್ದರು ಎಂದು ಅವರು ಎಲ್ಲೋ ಕೇಳಿದ್ದರಂತೆ. ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಮೇಲ್ದುಟಿಗೆ ದಪ್ಪಗೆ ಬಳಿಯುವುದು. ಅಧ್ಯಾಯ ಮುಗಿದ ಮೇಲೆ ಕೆಳತುಟಿಗೆ ಮಸಿ ತಾಗಿದ್ದರೆ ಫೇಲು, ಇಲ್ಲದಿದ್ದರೆ ಪಾಸು. ಲೆಕ್ಕದ ಮೇಷ್ಟ್ರಾದ್ದರಿಂದ ನನಗೆ ದಾಕ್ಷಿಣ್ಯ ಇಲ್ಲವೆಂದು ಪರೀಕ್ಷಕನ ಕೆಲಸ ನನ್ನ ತಲೆಗೆ ಕಟ್ಟಿದರು. ಓದು ಒಂದು ಗಂಟೆ ನಡೆಯುತ್ತಿತ್ತು. ಒಂದು ಗಂಟೆ ಬಾಯಿ ಮುಚ್ಚದ ಮನುಷ್ಯನನ್ನು ನೀವು ಎದುರಿಗೆ ಕೂತು ನೋಡಿದ್ದೀರೋ ಇಲ್ಲವೋ. ಜೊಲ್ಲು ತುಂಬಿಕೊಳ್ಳುತ್ತದೆ. ನುಂಗಬೇಕಾದರೆ ತುಟಿ ಸೇರುತ್ತದೆ, ಹಾಗಾಗಿ ಅವರು ನುಂಗುತ್ತಿರಲಿಲ್ಲ. ವಾಕ್ಯ ಮುಗಿದಾಗೊಮ್ಮೆ ಸುರ್ ಎಂದು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಉಳಿದದ್ದು ಗಲ್ಲದ ಮೇಲೆ ಇಳಿದು ಹಾಳೆಯ ಮೇಲೆ ಬೀಳುತ್ತಿತ್ತು. ಕಪ್ಪು ಮೇಲ್ದುಟಿ, ಕೆಂಪು ನಾಲಿಗೆ, ಸುರ್ ಶಬ್ದ. ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಪೇಷ್ಕಾರರು ಮಾತ್ರ "ಆಹಾ, ಆಹಾ" ಅನ್ನುತ್ತಿದ್ದರು.

ಚರ್ಚೆಯಾದರೂ ಚರ್ಚೆಯಂತಿತ್ತೇ? ಉ, ಒ ಎನ್ನುವಾಗ ತುಟಿ ಮುಂದೆ ಬರುತ್ತದೆ, ಅದೂ ತಪ್ಪಲ್ಲವೇ ಎಂದು ಪೇಷ್ಕಾರರು ಎತ್ತಿದ ಪ್ರಶ್ನೆಯ ಮೇಲೆ ನಾಲ್ಕಾರು ಭಾನುವಾರ ಕಳೆದವು. ಇಬ್ಬರೂ ಎದುರುಬದುರು ಕೂತು ಒಬ್ಬರ ಮುಖಕ್ಕೆ ಒಬ್ಬರು ತುಟಿ ಚಾಚಿ "ಊ", "ಓ" ಎಂದು ಊಳಿಡುತ್ತಿದ್ದರು. ಕೊನೆಗೆ, ತಾಗಿದರೆ ತಪ್ಪು, ಮುಂದೆ ಬಂದರೆ ತಪ್ಪಲ್ಲ ಎಂದು ತೀರ್ಮಾನವಾಯಿತು. ಒಂದು ದಿನ ಕತೆಯ ಹುಡುಗಿ ಕಾಲುವೆಯ ದಂಡೆಯಲ್ಲಿ ಕೂತಿರುವ ಭಾಗ ಓದಿದರು. "ಆ ದಿನ ಕಾಲುವೆಯ ನೀರಿನಲ್ಲಿ ಹುಣಸೆಯ ನೆರಳು ಉದ್ದಕ್ಕೆ ಚಾಚಿಕೊಂಡಿತ್ತು, ಅವಳ ಕೈಯಲ್ಲಿ ಇನ್ನೂ ಅರ್ಧ ತಿಂದ ಕಡಲೆ ಇತ್ತು." ನನಗೆ ಅದು ಇಷ್ಟವಾಯಿತು. ಹಾಗೆಂದು ಹೇಳಿದೆ ಕೂಡ. ಪಂಡಿತರು ನನ್ನನ್ನು ಕನಿಕರದಿಂದ ನೋಡಿ, "ಕಡಲೆ ಯಾಕೆ ಇಟ್ಟೆ ಗೊತ್ತೇ? ಬೆಲ್ಲ ಇಡಲಾಗದು, ಅದಕ್ಕೆ" ಅಂದರು. ಪೇಷ್ಕಾರರು ತೊಡೆ ತಟ್ಟಿಕೊಂಡು ನಕ್ಕರು.

ಆ ಹುಡುಗಿ ಯಾರು ಎಂದು ನಮಗೆಲ್ಲ ಗೊತ್ತಿತ್ತು. ಪುಸ್ತಕದಲ್ಲಿ ಅವಳ ಹೆಸರು ಸರಳೆ. ನಿಜವಾಗಿ ಅವಳು ಪಂಡಿತರ ಮಗಳು, ಒಬ್ಬಳೇ ಮಗಳು, ಮನೆಯಲ್ಲಿ ಕರೆಯುತ್ತಿದ್ದದ್ದು ಪುಟ್ಟಿ ಎಂದು. ಕಾಲುವೆಯ ನೀರು ಗದ್ದೆಗೆ ಬಂದ ಮೇಲೆ ನಮ್ಮ ಕಡೆ ಚಳಿಜ್ವರವೂ ಬಂದಿತ್ತು. ಯುದ್ಧ ಶುರುವಾಗಿ ಕ್ವಿನೈನು ಸಿಗದಂತಾದ ವರ್ಷ ಆ ಮಗು ತೀರಿಕೊಂಡಿತು. ನಾನೂ ಮಣ್ಣಿಗೆ ಹೋಗಿದ್ದೆ. ಪಂಡಿತರು ಅಳಲಿಲ್ಲ. ಮೂರನೆಯ ದಿನಕ್ಕೆ ಶಾಲೆಗೆ ಬಂದು ಸಂಧಿ ಪಾಠ ಮಾಡಿದರು. ಅವರ ಹೆಂಡತಿ, ಬೆಳಕವಾಡಿಯ ಕಡೆಯ ಗಟ್ಟಿ ಹೆಂಗಸು, ಅವತ್ತಿನಿಂದ ಗಂಡನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಭಾನುವಾರ ನಮಗೆ ಕಾಫಿ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ಕೂತು ಓದು ಕೇಳುತ್ತಿದ್ದರು. ಏನು ಕೇಳುತ್ತಿದ್ದರೋ ನಾವು ಯಾರೂ ಕೇಳಲಿಲ್ಲ.

ಈ ಹೊತ್ತಿಗೆ ಮದ್ದೂರಿನ ಒಬ್ಬ ಅಕ್ಕಿ ಗಿರಣಿ ಸಾಹುಕಾರರು ನಮ್ಮ ಕೂಟಕ್ಕೆ ಪೋಷಕರಾಗಿ ಅಂಟಿಕೊಂಡಿದ್ದರು. ಆಗ ಅಚ್ಚಿನ ಕಾಗದ ಬಂಗಾರ. ಸಾಹುಕಾರರ ಉಗ್ರಾಣದಲ್ಲಿ ಯುದ್ಧಕ್ಕೆ ಮೊದಲೇ ಯಾವುದೋ ಕಾರಣಕ್ಕೆ ಕೊಂಡಿಟ್ಟ ಕಾಗದದ ಹೊರೆ ಇತ್ತು. ಪುಸ್ತಕದ ಒಂದೊಂದು ಅಧ್ಯಾಯವೂ ಮಸಿಯ ಪರೀಕ್ಷೆಯಲ್ಲಿ ಪಾಸಾದರೆ ಆ ಕಾಗದ ಕೊಡುವುದಾಗಿ, ಮದ್ದೂರಿನಲ್ಲಿ ಸಭೆ ಮಾಡಿ ಶಾಲು ಹೊದಿಸುವುದಾಗಿ ಮಾತು ಕೊಟ್ಟರು. ಪಂಡಿತರ ಕಣ್ಣಿಗೆ ಅವತ್ತಿನಿಂದ ಹೆಂಡತಿ, ಶಾಲೆ, ಊಟ ಯಾವುದೂ ಕಾಣಲಿಲ್ಲ.

ಹುಡುಗಿ ಸಾಯುವ ಅಧ್ಯಾಯ ಬಂದ ಭಾನುವಾರ ಸಾಹುಕಾರರೂ ಬಂದಿದ್ದರು. ಪಂಡಿತರು ಮಸಿ ಹಚ್ಚಿಕೊಂಡು ಓದತೊಡಗಿದರು. ಸುರ್, ಸುರ್. ಆಮೇಲೆ ಈ ಸಾಲು ಬಂತು: "ಜ್ವರ ಇಳಿಯಿತು ಎಂದು ತಾಯಿ ನಕ್ಕಳು. ಜ್ವರ ಇಳಿದಿತ್ತು. ಉಸಿರೂ ಇಳಿದಿತ್ತು."

ಅಲ್ಲಿ ಅವರು ನಿಂತರು. ಎರಡೂ ತುಟಿಗಳನ್ನು ಬಿಗಿಯಾಗಿ ಕಚ್ಚಿ ಹಿಡಿದರು, ಆದರೂ ತಡೆಯಲಾಗದೆ ಒಳಗಿಂದ ಎತ್ತು ಹೂಂಕರಿಸಿದ ಹಾಗೆ ಒಂದು ಶಬ್ದ ಬಂತು. ಆಮೇಲೆ ಸಣ್ಣ ಹುಡುಗನಂತೆ ಅತ್ತರು. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಎದ್ದು ನಿಂತಿದ್ದರು. ಮುಖದ ತುಂಬ ಕಣ್ಣೀರು, ಜೊಲ್ಲು, ಕಾಡಿಗೆ ಕಲಸಿಹೋಗಿದ್ದ ಆ ಗಂಡಸನ್ನು ನೋಡಿ ಅದೊಂದೇ ದಿನ ನನಗೆ ಅಸಹ್ಯವಾಗಲಿಲ್ಲ.

ಪೇಷ್ಕಾರರು ಕಣ್ಣು ತೆರೆದರು. ಮುಂದಕ್ಕೆ ಬಗ್ಗಿ, ಪಂಡಿತರ ಕೆಳತುಟಿ ದಿಟ್ಟಿಸಿ, "ಮಸಿ ಹತ್ತಿತು!" ಎಂದು ಕೂಗಿದರು.

"ಅಲ್ಲಾ ಸ್ವಾಮಿ, ಮನುಸ್ಯ ಅಳ್ತಾವ್ನೆ. ಅದುಕ್ಕೂ ಮಸಿ ಲೆಕ್ಕನಾ?" ಅಂದರು ಸಾಹೇಬರು.

"ಅಕ್ಷರದಲ್ಲಿ ತಪ್ಪಿಲ್ಲ. ಅತ್ತದ್ದಕ್ಕೆ ತುಟಿ ಸೇರಿತು. ಇದು ಪಾಸೇ" ಎಂದು ನಾನೂ ಹೇಳಿದೆ. ಪರೀಕ್ಷಕ ನಾನು ತಾನೇ. ಆದರೆ ಪೇಷ್ಕಾರರು ಸಾಹುಕಾರರ ಮುಖ ನೋಡಿದರು, ಸಾಹುಕಾರರು ತಲೆ ಅಡ್ಡ ಆಡಿಸಿದರು. ಆ ಅಧ್ಯಾಯವನ್ನು ಮದ್ದೂರಿನ ಸಭೆಯಲ್ಲಿ ಎಲ್ಲರೆದುರು ಮತ್ತೆ ಓದಬೇಕು, ಆಗ ಮಸಿ ಹತ್ತದಿದ್ದರೆ ಪಾಸು ಎಂದು ತೀರ್ಪಾಯಿತು. ಪಂಡಿತರು ಮೇಲುವಸ್ತ್ರದಿಂದ ಮುಖ ಒರೆಸಿಕೊಂಡು, "ಆಗಲಿ, ನ್ಯಾಯ" ಅಂದರು. ಮಗಳು ಸತ್ತದ್ದಕ್ಕೆ ಅತ್ತು, ಅತ್ತದ್ದಕ್ಕೆ ನಾಚಿಕೊಂಡ ಮನುಷ್ಯನನ್ನು ನಾನು ಅವತ್ತು ನೋಡಿದೆ.

ನಾಲ್ಕೈದು ದಿನ ಕಳೆದು ಅವರ ಹೆಂಡತಿ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಯಾರ ಮನೆಗೂ ಹೋಗುವವರಲ್ಲ ಆಕೆ. ನನ್ನ ಹೆಂಡತಿ ಮಣೆ ಹಾಕಿದರೂ ಕೂರಲಿಲ್ಲ, ಕಂಬ ಹಿಡಿದು ನಿಂತೇ ಮಾತಾಡಿದರು.

"ಮೇಷ್ಟ್ರೇ, ಪುಟ್ಟಿ ಕಣ್ಮುಚ್ದಾಗ ಇವ್ರು ಜಗುಲಿ ಮ್ಯಾಲೆ ಬೆನ್ನು ತಿರುಗುಸ್ಕಂಡು ಕೂತಿದ್ರು. ಕಲ್ಲು ಅನ್ಕಂಡಿದ್ದೆ ಕಣ್ರೀ. ಮಗು ತಣ್ಣಗಾಯ್ತಲ್ಲ, ಜರ ಬುಡ್ತು ಅನ್ಕಂಡು ನಾನು ನಕ್ಕುಬುಟ್ಟೆ. ಪಾಪಿ ನಾನು, ನಕ್ಕುಬುಟ್ಟೆ. ಅದು ನಂಗೊಬ್ಳಿಗೇ ಗೊತ್ತು ಅಂತಿದ್ದೆ. ಇವ್ರೂ ನೋಡವ್ರೆ. ಎಲ್ಲಾನೂ ನೋಡವ್ರೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಭಾನ್ವಾರ ನೀವೆಲ್ಲ ಎದ್ದೋದ್ಮೇಲೆ ಇಬ್ರೂ ಕೂತ್ಕಂಡು ಅತ್ವಿ. ಅವ್ಳ ಎಸ್ರು ಇಡುದ್ರು ಬಾಯಲ್ಲಿ, ಪುಟ್ಟಿ ಅಂತ. ಎಷ್ಟು ದಿನ ಆಗಿತ್ತು ಆ ಎಸ್ರು ಕೇಳಿ ಆ ಬಾಯಲ್ಲಿ."

"ಒಳ್ಳೆಯದೇ ಆಯಿತಲ್ಲಮ್ಮ" ಅಂದೆ.

"ಏನ್ ಒಳ್ಳೇದು? ಮಾರ್ನೇ ದಿನ್ದಿಂದ ಕನ್ನಡಿ ಮುಂದೆ ಕೂತವ್ರೆ. ಅದೇ ಪಾಠ. ಮಸಿ ಅಚ್ಕಳದು, ಓದದು. ಅಳು ಬಂದ್ರೆ ಒರುಸ್ಕಳದು, ತಿರುಗಾ ಮೊದ್ಲಿಂದ. ಮೊದ್ಲು ಮೊದ್ಲು ನಂಗೂ ಅಳು ಬತ್ತಿತ್ತು. ಈಗ ಒಲೆ ಮುಂದೆ ಕಿವಿ ಮುಚ್ಕಂಡು ಕೂತಿರ್ತೀನಿ. ನಿನ್ನೆ ಒಂದ್ಸಲ ಪೂರಾ ಓದುಬುಟ್ರು ಮೇಷ್ಟ್ರೇ, ಕಣ್ಣು ಒದ್ದೆ ಆಗ್ನಿಲ್ಲ. ಎದ್ದು ಬಂದು, ನೋಡು ಎಂಗೆ, ಅಂತ ನಂಗೇ ತುಟಿ ತೋರುಸ್ತಾರೆ." ಆಕೆಯ ದನಿ ಗಡುಸಾಯಿತು. "ಅವ್ರ ಕಣ್ಣಾಗಿರೋ ನೀರ್ನೂ ಇಂಗುಸ್ಬುಟ್ರೆ ನನ್ ಜೊತೆಗೆ ಯಾರವ್ರೆ? ನಿಮ್ ಕಾಲ್ ಇಡ್ಕತೀನಿ, ಅದೊಂದು ಪಾಠ ಓದುಸ್ಬ್ಯಾಡಿ ಅಂತ ಆ ಸಾವ್ಕಾರ್ರಿಗೆ ಯೋಳಿ. ಪುಸ್ತಕ ಆಗ್ಲಿ, ಬುಡ್ಲಿ. ಅದೊಂದು ಬ್ಯಾಡ."

ಅವತ್ತೇ ರಜೆ ಹಾಕಿ ಸಾಹೇಬರ ಬಸ್ಸಿನಲ್ಲಿ ಮದ್ದೂರಿಗೆ ಹೋದೆ. ಸಾಹುಕಾರರು ಗಿರಣಿಯ ಬಾಗಿಲಲ್ಲಿ ಅಂಗೈ ಮೇಲೆ ಅಕ್ಕಿ ಹರಡಿಕೊಂಡು ನೋಡುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ, ಗಂಟೆಗಟ್ಟಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಆಮೇಲೆ, "ನೋಡಿ ಮೇಷ್ಟ್ರೇ, ಅಕ್ಕೀಲಿ ಕಲ್ಲು ಸಿಕ್ರೆ ಕಲ್ಲೇಯ. ಅತ್ಕಂಡು ಬಿದ್ದಿದ್ ಕಲ್ಲು, ನಕ್ಕಂಡು ಬಿದ್ದಿದ್ ಕಲ್ಲು ಅಂತ ಬ್ಯಾರೆ ಬ್ಯಾರೆ ಇಲ್ಲ. ನಾಲ್ಕು ಜನುಕ್ಕೆ ಯೋಳ್ಬುಟ್ಟಿವ್ನಿ, ಮಸಿ ಅತ್ದಂಗೆ ಓದ್ತಾರೆ ಅಂತ" ಎಂದು ಹೇಳಿ ಅಕ್ಕಿಯನ್ನು ಚೀಲಕ್ಕೆ ಸುರಿದರು. ಬೇಕಾದರೆ ಪಂಡಿತರೇ ಬೇಡ ಅನ್ನಲಿ, ತಮ್ಮ ಅಡ್ಡಿ ಇಲ್ಲ ಎಂದೂ ಸೇರಿಸಿದರು.

ಸರಿ, ಪಂಡಿತರ ಹತ್ತಿರವೇ ಹೋದೆ. ಕನ್ನಡಿ ಗೋಡೆಗೆ ಒರಗಿಸಿತ್ತು, ಕಾಡಿಗೆಯ ಚಿಪ್ಪು ಪಕ್ಕದಲ್ಲಿತ್ತು. ಹೇಳುವುದನ್ನು ನೇರವಾಗಿ ಹೇಳಿದೆ: ಆ ಅಧ್ಯಾಯ ಕೈಬಿಡಿ, ಇಲ್ಲವೇ ಓದದೆ ಅಚ್ಚು ಮಾಡಿಸಿ, ಕಾಗದವನ್ನು ಬೇರೆ ಎಲ್ಲಿಂದಾದರೂ ತರೋಣ. ನಿಮ್ಮ ಮನೆಯಾಕೆ ಒಲೆಯ ಮುಂದೆ ಕಿವಿ ಮುಚ್ಚಿಕೊಂಡು ಕೂತಿದ್ದಾರೆ. ಸತ್ತದ್ದು ನಿಮ್ಮ ಮಗಳು ಕಣ್ರೀ, ಯಾವ ಕತೆಯ ಹುಡುಗಿಯೂ ಅಲ್ಲ.

ಅವರು ಕನ್ನಡಿಯಿಂದ ಮುಖ ತಿರುಗಿಸಿದರು. ಅಷ್ಟು ವರ್ಷದ ಮೈಸೂರಿನ ಮಾತು ಕಳಚಿ ಬಿತ್ತು, ಊರಿನ ಬಾಯಲ್ಲೇ ಹೇಳಿದರು: "ಅಳು ಎಲ್ರಿಗೂ ಬತ್ತದೆ ಕಣಯ್ಯ. ಕರ ಸತ್ರೆ ಎಮ್ಮೆಗೂ ಬತ್ತದೆ. ಇದು ಯಾರಿಗ್ ಬತ್ತದೆ ತೋರ್ಸು ನೋಡಾನ." ಹಾಳೆಯ ಮೇಲೆ ಕೈ ಬಡಿದರು. "ಈ ಪಾಠ ಬುಟ್ರೆ ಪುಸ್ತಕದಾಗೆ ಇನ್ನೇನದೆ? ಇದೇ ಕಿರೀಟ." ನನಗೆ ಆ ಮಾತಿಗಿಂತ ಆ ಮುಖ ನೋಡಿ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಹೆಮ್ಮೆ ಇತ್ತು ಅಲ್ಲಿ. ಮಗಳು ಸತ್ತದ್ದು ತನಗೆ ಸಿಕ್ಕಿದ ಒಂದು ಒಳ್ಳೆಯ ಸಾಮಾನು ಎನ್ನುವ ಹಾಗೆ ಇತ್ತು. ಥೂ ಅಂದುಕೊಂಡು ಎದ್ದು ಬಂದೆ. ಒಳಗೆ ಪಾತ್ರೆಯ ಸದ್ದು ಕೂಡ ಇರಲಿಲ್ಲ.

ಮದ್ದೂರಿನ ಸಭೆ ಗಿರಣಿಯ ಮಾಳಿಗೆಯ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ತೌಡಿನ ವಾಸನೆ, ಜಮಖಾನ, ನೂರಕ್ಕೆ ಕಮ್ಮಿ ಇಲ್ಲದ ಜನ. ನಮ್ಮನ್ನು ಕರೆತಂದ ಸಾಹೇಬರು ಮಾಳಿಗೆ ಹತ್ತಲಿಲ್ಲ. "ನಾ ಬರಾಕಿಲ್ಲ ಸ್ವಾಮಿ. ನಂಗೂ ಮನೇಲಿ ಹೆಣ್ಮಕ್ಳವ್ರೆ" ಎಂದು ಬಸ್ಸಿನ ಒಲೆಗೆ ಇದ್ದಿಲು ತುಂಬುತ್ತ ಕೆಳಗೇ ನಿಂತರು. ನಾನು ಹತ್ತಿದೆ. ಕೊನೆಯ ಗಳಿಗೆಯಲ್ಲಾದರೂ ಈ ಮನುಷ್ಯ ಅಳಬಹುದು, ಅತ್ತರೆ ಫೇಲು ಎಂದು ಗಟ್ಟಿಯಾಗಿ ಕೂಗಿ ಆ ಹಾಳೆಗಳನ್ನು ಅವರ ಕೈಯಿಂದ ಕಿತ್ತುಕೊಂಡು ಮನೆಗೆ ಕರೆದುಕೊಂಡು ಹೋಗಬೇಕು ಎಂದು ನನ್ನ ಮನಸ್ಸಿನಲ್ಲಿತ್ತು.

ಅವರು ಓದಿದರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ಓದಿರಲಿಲ್ಲ. ಸುರ್ ಶಬ್ದವನ್ನೂ ಹೇಗೋ ಗೆದ್ದಿದ್ದರು. ಸಭೆಯಲ್ಲಿ ಒಬ್ಬನೂ ಕತೆ ಕೇಳುತ್ತಿರಲಿಲ್ಲ, ಎಲ್ಲರೂ ತುಟಿ ನೋಡುತ್ತಿದ್ದರು. ಎಷ್ಟೋ ಜನ ತಮಗೆ ತಿಳಿಯದೆಯೇ ಬಾಯಿ ತೆರೆದುಕೊಂಡಿದ್ದರು. ಜ್ವರ ಇಳಿಯಿತು ಎಂದು ತಾಯಿ ನಕ್ಕಳು. ದನಿ ಎಲ್ಲಿ ಏರಬೇಕೋ ಅಲ್ಲಿ ಏರಿತು. ಜ್ವರ ಇಳಿದಿತ್ತು. ಎಲ್ಲಿ ತಗ್ಗಬೇಕೋ ಅಲ್ಲಿ ತಗ್ಗಿತು. ಉಸಿರೂ ಇಳಿದಿತ್ತು. ಅವರು ಸಭೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಹಾಳೆ ಮಗುಚಿದರು. ಆ ಕಣ್ಣು ಸಂತೆಯ ಧಾರಣೆ ಓದುವವನ ಕಣ್ಣು.

ಮುಗಿದ ಮೇಲೆ ನಾನು ಹತ್ತಿರ ಹೋಗಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದೆ. ಮೇಲೆ ಕಾಡಿಗೆ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು. ಕೆಳತುಟಿ ಆಗ ತೊಳೆದಿಟ್ಟ ಲೋಟದ ಹಾಗೆ ಚೊಕ್ಕಟ. ಒಂದೂವರೆ ವರ್ಷ ಜೊಲ್ಲು, ಎಂಜಲು, ಹೊಗೆಸೊಪ್ಪು ಎಲ್ಲವನ್ನೂ ನೋಡಿದ್ದ ನನಗೆ ಆ ಚೊಕ್ಕಟವಾದ ತುಟಿಯನ್ನು ನೋಡಿ ಆದ ವಾಕರಿಕೆ ಹಿಂದೆ ಎಂದೂ ಆಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾಹುಕಾರರು ಶಾಲು ಹೊದಿಸಿದರು. ಪೇಷ್ಕಾರರು ಪಂಡಿತರನ್ನು ತಬ್ಬಿಕೊಂಡು ಅಳುತ್ತಿದ್ದರು, ಆನಂದಕ್ಕೆ. ನಾನು ಕೆಳಗಿಳಿದು ಬಸ್ಸಿನ ಹಿಂದೆ ಹೋಗಿ ಉಗುಳಿದೆ.

ಮಳವಳ್ಳಿಗೆ ಬರುವಷ್ಟರಲ್ಲಿ ಸಂಜೆ. ಹಾರದ ಬುಟ್ಟಿಯನ್ನು ಮನೆಯವರೆಗೆ ತಲುಪಿಸಿ ಎಂದು ಪಂಡಿತರು ನನ್ನ ಕೈಗೆ ಕೊಟ್ಟಿದ್ದರು, ಹಾಗಾಗಿ ಅವರ ಹಿಂದೆಯೇ ಹೋದೆ. ಅವರ ಹೆಂಡತಿ ಜಗುಲಿಯ ಮೇಲೆ ಮೊರದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಶಾಲು ನೋಡಲಿಲ್ಲ, ಹಾರ ನೋಡಲಿಲ್ಲ. ಗಂಡನ ಕಣ್ಣನ್ನು ನೋಡಿದರು.

"ಅತ್ರಾ?" ಅಂದರು.

"ಇಲ್ಲ" ಅಂದರು ಪಂಡಿತರು. ಮೆಟ್ಟಿಲ ಮೇಲೆ ನಿಂತು, ಹೆಂಡತಿಗೆ ಸರಿಯಾಗಿ ಕಾಣಲಿ ಎಂದು ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದರು. "ಒಂದು ಹನಿಯೂ ಇಲ್ಲ."

ಆಕೆ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಅಂಗಳಕ್ಕೆ ಎಸೆದರು.

"ಆಯ್ತು ಬುಡಿ. ಕೈಕಾಲು ತೊಳ್ಕಬನ್ನಿ, ಮುದ್ದೆ ಆಗದೆ. ಇನ್ಮ್ಯಾಲೆ ಅವ್ಳಿಗೆ ನಾನೊಬ್ಳೇ ಅತ್ಕತೀನಿ."